ಅವರು ಹೊರಟು ಬರಬಾರದಿತ್ತೆ?

ಪ್ರಶ್ನೆ: ‘ಸ್ಪೀಕ್ ನೋ ಇವಿಲ್’ನ 2022ರ ಡ್ಯಾನಿಶ್ ಚಿತ್ರವನ್ನೂ 2024ರ ಇಂಗ್ಲಿಷ್ ಮರುನಿರ್ಮಾಣವನ್ನೂ ನೋಡಿದೆ. ಅಂಗಳದಲ್ಲಿ ಸ್ವಂತ ಕಾರು ನಿಂತಿದ್ದರೂ ಮೊದಲ ಚಿತ್ರದ ದಂಪತಿ ಆ ಮನೆ ಬಿಟ್ಟು ಹೋಗದಿರುವುದು ಕಥೆಯ ದೌರ್ಬಲ್ಯವಲ್ಲವೆ? ಇವನ್ನು ಮಕ್ಕಳೊಂದಿಗೆ ನೋಡಬಹುದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಚಿತ್ರ ನೋಡದವರು ಇದನ್ನು ಸದ್ಯ ಬದಿಗಿಡಬಹುದು, ಅಂತ್ಯವನ್ನು ಹೇಳದೆ ಉತ್ತರಿಸಲಾಗದು.

ಕ್ರಿಶ್ಚಿಯನ್ ಟ್ಯಾಫ್‌ಡ್ರಪ್ ನಿರ್ದೇಶನದ ಮೂಲ ಚಿತ್ರದಲ್ಲಿ ಅತಿಥಿಗಳನ್ನು ಕಟ್ಟಿಹಾಕುವುದು ದಾಕ್ಷಿಣ್ಯ. ಇಟಲಿಯ ಟಸ್ಕನಿಯಲ್ಲಿ ರಜೆ ಕಳೆಯುವಾಗ ಪರಿಚಯವಾದ ಡಚ್ ಕುಟುಂಬದ ಕರೆಗೆ ಓಗೊಟ್ಟು, ಬ್ಯೋರ್ನ್ ಮತ್ತು ಲೂಯಿಸ್ ಮಗಳೊಡನೆ ನೆದರ್ಲೆಂಡ್ಸ್‌ನ ಹಳ್ಳಿಮನೆಗೆ ಹೋಗುತ್ತಾರೆ. ಲೂಯಿಸ್ ಸಸ್ಯಾಹಾರಿ ಎಂದು ತಿಳಿದೂ ಮನೆಯೊಡೆಯ ಪ್ಯಾಟ್ರಿಕ್ ಕಾಡುಹಂದಿಯ ಮಾಂಸದ ರುಚಿ ನೋಡುವಂತೆ ಒತ್ತಾಯಿಸುತ್ತಾನೆ, ಅವಳು ತಿನ್ನುತ್ತಾಳೆ. ಊಟಕ್ಕೆ ಹೊರಗೆ ಕರೆದೊಯ್ದು ಬಿಲ್ಲನ್ನು ಅತಿಥಿಗಳ ಪಾಲಿಗೆ ಬಿಡುತ್ತಾನೆ; ಬ್ಯೋರ್ನ್ ತೆರುತ್ತಾನೆ. ಬಿಡಿಬಿಡಿಯಾಗಿ ನೋಡಿದರೆ ಇವಾವುವೂ ಎದ್ದು ಹೊರಡುವಷ್ಟು ದೊಡ್ಡ ಅಪರಾಧಗಳಲ್ಲ. ಆದರೆ ಒಂದನ್ನು ನುಂಗಿಕೊಂಡವರಿಗೆ ಮುಂದಿನದನ್ನು ಪ್ರತಿಭಟಿಸುವ ಧೈರ್ಯ ಇನ್ನಷ್ಟು ಕುಗ್ಗಿರುತ್ತದೆ. ಎರಡೂ ಕುಟುಂಬಗಳು ಪರಸ್ಪರ ಮಾತನಾಡುವುದು ಯಾರ ಮನೆಮಾತೂ ಅಲ್ಲದ ಇಂಗ್ಲಿಷಿನಲ್ಲಾದ್ದರಿಂದ, ಒರಟುತನವನ್ನು ಭಾಷೆಯ ಎಡವಟ್ಟೆಂದು ತಳ್ಳಿಹಾಕುವ ಅವಕಾಶವೂ ಅವರಿಗಿದೆ.

ಅಲ್ಲದೆ, ಅವರು ಒಮ್ಮೆ ಹೊರಟೇ ಬಿಡುತ್ತಾರೆ ಎಂಬುದನ್ನು ನೆನಪಿಸಬೇಕು. ಮಗಳ ಮೊಲದ ಗೊಂಬೆ ಮರೆತುಹೋಯಿತೆಂದು ಹಿಂದಿರುಗಿದಾಗ, ಹೇಳದೆ ಹೋದದ್ದೇಕೆಂದು ಮನೆಯವರು ನೊಂದವರಂತೆ ಕೇಳುತ್ತಾರೆ. ತಪ್ಪಿತಸ್ಥರಂತೆ ತಲೆತಗ್ಗಿಸಿದ ಅತಿಥಿಗಳು ಮತ್ತೆ ಉಳಿದುಕೊಳ್ಳುತ್ತಾರೆ. ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ನಡುಗಿಸಿದ್ದು ರಕ್ತದ ಹನಿಯೂ ಇಲ್ಲದ ಈ ದೃಶ್ಯ.

ಆದರೂ ನಿಮ್ಮ ಆಕ್ಷೇಪ ಒಂದು ಕಡೆ ಸರಿಯೆನ್ನಬೇಕು. ಕಣ್ಣೆದುರೇ ಮಗಳ ನಾಲಿಗೆ ಕತ್ತರಿಸಿದ ಮೇಲೂ ತಂದೆತಾಯಿಯರು ಹೇಳಿದಲ್ಲಿಗೆ ನಡೆದು ಹೋಗಿ ಕಲ್ಲೇಟಿಗೆ ಮೈಯೊಡ್ಡುವುದನ್ನು ದಾಕ್ಷಿಣ್ಯದಿಂದ ವಿವರಿಸಲು ಬರುವುದಿಲ್ಲ. ಅಲ್ಲಿಯವರೆಗೆ ನಿಜವಾದ ಮನುಷ್ಯರಾಗಿದ್ದವರು ಆ ಹೊತ್ತಿಗೆ ನಿರ್ದೇಶಕರ ವಾದಕ್ಕೆ ಉದಾಹರಣೆಗಳಾಗಿ ಬಿಡುತ್ತಾರೆ.

ಜೇಮ್ಸ್ ವಾಟ್ಕಿನ್ಸ್ ಅವರ ಮರುನಿರ್ಮಾಣವು ಈ ತೊಡಕನ್ನು ಬೇರೆ ರೀತಿಯಲ್ಲಿ ನಿವಾರಿಸಿದೆ: ಲಂಡನ್ನಿನಲ್ಲಿ ನೆಲೆಸಿದ ಅಮೆರಿಕನ್ ಕುಟುಂಬ ಇಂಗ್ಲೆಂಡಿನ ಹಳ್ಳಿಮನೆಯಲ್ಲಿ ತಿರುಗಿಬಿದ್ದು ಪಾರಾಗುತ್ತದೆ. ಜೇಮ್ಸ್ ಮೆಕವಾಯ್ ಅಭಿನಯ ಸೊಗಸಾಗಿದೆ. ಆದರೆ ಕೊನೆಯ ಅರ್ಧಗಂಟೆ ನಾವು ಅನೇಕ ಬಾರಿ ಕಂಡ ಹೊಡೆದಾಟವೇ.

ಮಕ್ಕಳೊಂದಿಗೆ ಎರಡನ್ನೂ ನೋಡಬೇಡಿ. ಎರಡೂ ಕಥೆಗಳು ನಿಂತಿರುವುದು ಮಕ್ಕಳ ಮೇಲಿನ ಕ್ರೌರ್ಯದ ಮೇಲೆ, ಮತ್ತು ಮೂಲ ಚಿತ್ರ ಅದನ್ನು ಮರೆಮಾಚುವುದಿಲ್ಲ.