ಅವ್ವನನ್ನು ಆಟಕ್ಕೆ ಕರೆದೊಯ್ಯಬಹುದಾ?

ಪ್ರಶ್ನೆ: ಯೂನಿವರ್ಸಿಟಿ ಸಭಾಂಗಣದಲ್ಲಿ ಸಂಜೆ ಆರಕ್ಕೆ ಶ್ರೀಕೃಷ್ಣ ಪಾರಿಜಾತ ಅನ್ನೋ ಜಾನಪದ ಆಟ (ಹಾಡು-ಮಾತಿನ ನಾಟಕ) ಇದೆ. ಅವ್ವನಿಗೆ ಎಪ್ಪತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಕರ್ಕೊಂಡು ಹೋಗಲಾ? — ಓದುಗ, ಕಲಬುರಗಿ

ಉತ್ತರ: ಖಂಡಿತ ಹೋಗಿ ತಮ್ಮಾ. ಗುಲಬರ್ಗಾ ವಿಶ್ವವಿದ್ಯಾಲಯ ಇರೋದು ಸೇಡಂ ರಸ್ತೆಯಲ್ಲಿ, ಊರಿನಿಂದ ಹೊರಗೆ. ವಾಪಸ್ ಬರೋ ಆಟೋ ಮೊದಲೇ ಮಾತಾಡಿಟ್ಟುಕೊಳ್ಳಿ. ಆಟ ಮುಗಿದ ಮೇಲೆ ಗೇಟಿನಲ್ಲಿ ನಿಂತು ಪರದಾಡಿದವಳು ನಾನು.

ಮುಂದಿನ ಎರಡು ಸಾಲು ಅತಿಥಿಗಳಿಗೆ ಹೋಗುತ್ತದೆ, ಅದರ ಆಸೆ ಬಿಡಿ. ಸ್ಪೀಕರ್ ಪಕ್ಕ ಕೂರಿಸಿದರೆ ಚೆನ್ನಾಗಿ ಕೇಳುತ್ತೆ ಅಂದುಕೊಳ್ಳಬೇಡಿ. ಹಾರ್ಮೋನಿಯಂ ದನಿ ಕಿವಿಗೆ ರಾಚುತ್ತದೆ, ಮಾತೇ ತಿಳಿಯಲ್ಲ. ನಡುವಿನ ಐದನೆಯ ಸಾಲು ನೋಡಿ, ದಾರಿಯ ಅಂಚಿನ ಕುರ್ಚಿ. ನಟರ ತುಟಿ ಕಾಣುತ್ತದೆ, ಎದ್ದು ಹೋಗೋದೂ ಸುಲಭ. ಕಥೆ ನಡೆಸುವ ಭಾಗವತನಿಗೂ ದೂತಿಗೂ ಮಾತಿನ ಜಟಾಪಟಿ ಹತ್ತಿದಾಗ ಮುಖ ನೋಡಲೇಬೇಕು, ಅರ್ಧ ನಗು ಹುಬ್ಬಿನಲ್ಲೇ ಇರುತ್ತೆ!

ಆರಕ್ಕೆ ಅಂದರೆ ಭಾಷಣ ಆರಕ್ಕೆ, ಆಟವಲ್ಲ. ಹೊಟ್ಟೆಗೆ ಹಾಕಿಕೊಂಡೇ ಹೋಗಿ. ನಮ್ಮತ್ತೆ ಶೇಂಗಾ ಪೊಟ್ಟಣ ಸೆರಗಲ್ಲಿ ಕಟ್ಟಿಕೊಂಡು ಬಂದಿದ್ದರು. ಸಿಪ್ಪೆ ಸುಲಿಯೋ ಸದ್ದಿಗೆ ಮುಂದಿನ ಸಾಲೆಲ್ಲ ತಿರುಗಿ ನೋಡಿತು. ಅವರಿಗೆ ಕೇಳಿಸಲೇ ಇಲ್ಲ.