ಲೈಸೆನ್ಸ್ ನೋಡಿ ಕಂಪನಿಗಳು ಹಿಂದೆ ಸರಿಯುತ್ತವಾ?

ಪ್ರಶ್ನೆ: ನಾವು ಮೂವರು ಗೆಳೆಯರು ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಿಗೆಂದು ಒಂದು ಸಾಫ್ಟ್‌ವೇರ್ ಬರೆದಿದ್ದೇವೆ. ಯಾವ ಹೀಟ್‌ನಲ್ಲಿ (ಒಂದು ಸಲ ಕರಗಿಸಿದ ಲೋಹದಲ್ಲಿ) ಎಷ್ಟು ಕಾಸ್ಟಿಂಗ್, ಅಂದರೆ ಎರಕದ ಭಾಗ, ಬಂತು, ಎಷ್ಟು ರಿಜೆಕ್ಟ್ ಆಯಿತು ಅಂತ ಲೆಕ್ಕ ಇಡುತ್ತದೆ. ಓಪನ್ ಸೋರ್ಸ್ ಮಾಡುವ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಆಸೆ. ಸಾಫ್ಟ್‌ವೇರ್ ಹಂಚಿದರೆ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸ್ ಹಾಕಿದರೆ ಕಂಪನಿಗಳು ಹತ್ತಿರ ಸುಳಿಯಲ್ಲ, ಅಂಥ ಕಟ್ಟುಪಾಡಿಲ್ಲದ ಎಂಐಟಿ ಲೈಸೆನ್ಸ್ ಹಾಕಿದರೆ ಕೋಡ್ ತಗೊಂಡು ಹೋಗಿ ಏನೂ ವಾಪಸ್ ಕೊಡಲ್ಲ ಅಂತಾರೆ. ಏನು ಮಾಡೋಣ ಸರ್?

ಉತ್ತರ: ಎರಡೂ ಅರ್ಧ ಸತ್ಯ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ 1992ರಿಂದ ಜಿಪಿಎಲ್‌ನಲ್ಲೇ ಇದೆ. ಆದರೂ ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥವರು ಸಂಬಳ ಕೊಟ್ಟು ಅದಕ್ಕೆ ಕೋಡ್ ಬರೆಸುತ್ತಾರೆ. ತಾನು ಕೊಟ್ಟಿದ್ದನ್ನು ಎದುರಾಳಿ ಬದಲಿಸಿ, ಮುಚ್ಚಿಟ್ಟು ಮಾರುವಂತಿಲ್ಲ ಎಂಬ ಧೈರ್ಯ ಅಲ್ಲಿ ಎಲ್ಲರಿಗೂ ಇದೆ.

ಭಯ ಹುಟ್ಟುವುದು ಬೇರೆ ಕಡೆ. ಮಚ್ಛೆಯ ಒಂದು ಕಾರ್ಖಾನೆಯ ಮಾಲೀಕರು ಜಿಪಿಎಲ್ ಪ್ರಿಂಟ್ ತೆಗೆಸಿ, ಸಾಲುಸಾಲಿಗೂ ಕೆಂಪು ಪೆನ್ನಿನಿಂದ ಗೆರೆ ಎಳೆದು ನನ್ನ ಮುಂದಿಟ್ಟಿದ್ದರು. ‘ನಮ್ಮ ರೇಟು, ಗಿರಾಕಿಗಳ ಲೆಕ್ಕ ಎಲ್ಲಾ ಹೊರಗೆ ಹೋಗುತ್ತಲ್ಲ?’ ಅಂತ ಕೇಳಿದರು. ಹೋಗಲ್ಲ. ಲೈಸೆನ್ಸ್ ಇರುವುದು ಕೋಡ್‌ಗೆ, ನಿಮ್ಮ ಲೆಕ್ಕಕ್ಕಲ್ಲ. ಕೋಡ್ ತಿದ್ದಿ ನಿಮ್ಮ ಶೆಡ್ಡಿನೊಳಗೇ ಬಳಸಿದರೂ ಯಾರಿಗೂ ಕೊಡಬೇಕಿಲ್ಲ. ಬೇರೆಯವರಿಗೆ ಆ ಸಾಫ್ಟ್‌ವೇರ್ ಕೊಟ್ಟರೆ ಮಾತ್ರ ಅವರಿಗೆ ಸೋರ್ಸ್ ಕೋಡ್ ಕೂಡ ಸಿಗಬೇಕು. ಇಷ್ಟು ಹೇಳಿದ ಮೇಲೆ ಅವರು ಪೆನ್ ಕೆಳಗಿಟ್ಟರು.

ಎಂಐಟಿಯಲ್ಲೂ ಕೋಡ್ ವಾಪಸ್ ಬರುತ್ತದೆ. ತಿದ್ದುಪಡಿಯನ್ನು ತನ್ನಲ್ಲೇ ಇಟ್ಟುಕೊಂಡ ಕಂಪನಿ, ನಿಮ್ಮ ಪ್ರತಿ ಹೊಸ ವರ್ಶನ್‌ಗೂ ಅದನ್ನು ಮತ್ತೆ ಕೂಡಿಸುತ್ತಾ ಕೂರಬೇಕು. ಆ ಕಾಟಕ್ಕಿಂತ ನಿಮಗೇ ಕೊಟ್ಟುಬಿಡುವುದು ಅಗ್ಗ.

ಕೋಡ್ ಕೊಡುವವರ ಕೈ ನಿಜವಾಗಿ ಹಿಂದೆ ಬರುವುದು, ಮಾಲೀಕರು ನಡುವೆ ನಿಯಮ ಬದಲಿಸಿದಾಗ. 2024ರ ಮಾರ್ಚ್‌ನಲ್ಲಿ ರೆಡಿಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್, ಎಂಐಟಿಯಂತೆಯೇ ಸಡಿಲವಾದ ತನ್ನ ಬಿಎಸ್‌ಡಿ ಲೈಸೆನ್ಸ್ ಬಿಟ್ಟಿತು. ಅದೇ ತಿಂಗಳು ಹಳೆಯ ಕೋಡ್‌ನಿಂದಲೇ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ವಾಲ್ಕಿ ಎಂಬ ಬೇರೆ ಪ್ರಾಜೆಕ್ಟ್ ಶುರುವಾಯಿತು. ಅಮೆಜಾನ್, ಗೂಗಲ್, ಒರಾಕಲ್ ಅದರ ಬೆನ್ನಿಗೆ ನಿಂತವು. ಆಮೇಲೆ 2025ರಲ್ಲಿ ರೆಡಿಸ್ ಎಜಿಪಿಎಲ್ (ಜಿಪಿಎಲ್‌ನದೇ ಇನ್ನೂ ಬಿಗಿಯಾದ ರೂಪ) ಸೇರಿಸಿತು. ಅಷ್ಟರಲ್ಲಿ ಮನೆ ಎರಡಾಗಿತ್ತು. ನನಗೆ ಇದು ಬಹಳ ಬೇಸರದ ಸಂಗತಿ.

ಹಾಗಾಗಿ ಹೊರಗಿನಿಂದ ಕೋಡ್ ಬರೆದು ಕೊಟ್ಟವರಿಂದ ಅದರ ಹಕ್ಕನ್ನೆಲ್ಲ ನಿಮ್ಮ ಹೆಸರಿಗೆ ಬರೆಸಿಕೊಳ್ಳಬೇಡಿ. ಬರೆಸಿಕೊಂಡರೆ ನಾಳೆ ನೀವೂ ನಿಯಮ ಬದಲಿಸಬಹುದು ಎಂಬ ಅಳುಕು ಅವರಿಗೆ ಬರುತ್ತದೆ. ಲಿನಕ್ಸ್‌ನಲ್ಲಿ 2004ರಿಂದ ನಡೆದು ಬಂದಂತೆ, ‘ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಪ್ರತಿ ತಿದ್ದುಪಡಿಯ ಕೆಳಗೆ ಒಂದು ಸಾಲಿನ ಸಹಿ ಸಾಕು.

ನನ್ನ ಸಲಹೆ: ಪೂರ್ತಿ ಸಾಫ್ಟ್‌ವೇರ್‌ಗೆ ಜಿಪಿಎಲ್ 3 (ಅದರ ಮೂರನೇ ವರ್ಶನ್) ಹಾಕಿ. ಲೋಹದಲ್ಲಿ ಏನೇನಿದೆ ಎಂದು ಅಳೆಯುವ ಸ್ಪೆಕ್ಟ್ರೋಮೀಟರ್‌ನ ರೀಡಿಂಗ್ ಓದುವಂಥ ಸಣ್ಣ ಭಾಗವನ್ನು ಬೇರೆಯವರೂ ತಮ್ಮದರಲ್ಲಿ ಜೋಡಿಸಿಕೊಳ್ಳಲಿ ಅನಿಸಿದರೆ ಅದಕ್ಕೆ ಅಪಾಚೆ 2.0 ಎಂಬ ಸಡಿಲ ಲೈಸೆನ್ಸ್. ಅದರಲ್ಲಿ ಪೇಟೆಂಟ್ ಬಗ್ಗೆಯೂ ಸ್ಪಷ್ಟ ಅನುಮತಿ ಇದೆ, ಕಂಪನಿ ವಕೀಲರು ಮೊದಲು ಕೇಳುವುದೇ ಅದನ್ನು. ಅಪಾಚೆ ಕೋಡ್ ಜಿಪಿಎಲ್ 3ರ ಜೊತೆ ಸೇರುತ್ತದೆ, ಜಿಪಿಎಲ್ 2ರ ಜೊತೆ ಸೇರಲ್ಲ. ಇದನ್ನು ಮರೆಯಬೇಡಿ.

ಇನ್ನೊಂದು. ನಿಮ್ಮಲ್ಲಿ ಯಾರಾದರೂ ನೌಕರಿಯಲ್ಲಿದ್ದರೆ ಆಫರ್ ಲೆಟರ್ ತೆಗೆದು, ನೀವು ಬರೆದ ಕೋಡ್ ಯಾರಿಗೆ ಸೇರುತ್ತದೆ ಅಂತ ಓದಿ ನೋಡಿ. ಬಿಡುಗಡೆ ಆಮೇಲೆ.