ವಿಮಾನ ಇಳಿದ ಎಷ್ಟು ಹೊತ್ತಿಗೆ ಬ್ಯಾಗ್ ಕೈಗೆ ಬರುತ್ತದೆ?

ದೆಹಲಿಯಿಂದ ರಾತ್ರಿ 9.30ಕ್ಕೆ ಬೆಂಗಳೂರಿಗೆ ಬಂದಿಳಿಯುವ ತಂದೆ-ತಾಯಿಗೆ 10 ಗಂಟೆಯ ಮೈಸೂರು ಬಸ್ಸಿನಲ್ಲಿ ಸೀಟು ಕಾಯ್ದಿರಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. 11ರ ನಂತರದ ಬಸ್ ನೋಡಿ.

ನಾನು ಕೆಲವು ವರ್ಷ ವಿಮಾನಗಳಿಗೆ ಸಾಮಾನು ಏರಿಸಿ ಇಳಿಸುವವರ ಮೇಲ್ವಿಚಾರಕನಾಗಿದ್ದೆ. ಮೊದಲ ಬ್ಯಾಗ್ 10 ನಿಮಿಷದೊಳಗೆ, ಕೊನೆಯದು 30 ನಿಮಿಷದೊಳಗೆ ಬೆಲ್ಟಿಗೆ ಬರಬೇಕೆಂಬ ನಿಯಮವಿದೆ. 2024ರ ಫೆಬ್ರುವರಿಯಲ್ಲಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಏಳು ವಿಮಾನಯಾನ ಸಂಸ್ಥೆಗಳಿಗೆ ಇದನ್ನು ಪಾಲಿಸುವಂತೆ ತಾಕೀತು ಮಾಡಿತು. ಆದರೆ ಈ ಲೆಕ್ಕ ಶುರುವಾಗುವುದು ಎಂಜಿನ್ ಆರಿಸಿದ ಮೇಲೆ, ಚಕ್ರ ನೆಲಕ್ಕೆ ತಾಗಿದಾಗ ಅಲ್ಲ. ರನ್‌ವೇಯಿಂದ ನಿಲುಗಡೆಯ ಜಾಗಕ್ಕೆ ಬರಲು 10-15 ನಿಮಿಷ ಹಿಡಿಯುವುದುಂಟು. ಅದನ್ನು ನೀವೇ ಸೇರಿಸಿಕೊಳ್ಳಬೇಕು.

ಎಂಜಿನ್ ಆರಿ, ವಿಮಾನದ ಮೇಲೆ ಮಿನುಗುವ ಕೆಂಪು ದೀಪವೂ ಆರುವವರೆಗೆ ಯಾರೂ ಹತ್ತಿರ ಹೋಗುವಂತಿಲ್ಲ. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟ ಮೇಲೆಯೇ ಸರಕಿನ ಬಾಗಿಲು ತೆರೆಯುವುದು. ದೊಡ್ಡ ವಿಮಾನಗಳಲ್ಲಿ ಬ್ಯಾಗುಗಳು ಕಂಟೇನರ್‌ಗಳಲ್ಲಿರುತ್ತವೆ, ಯಂತ್ರವೇ ಇಳಿಸುತ್ತದೆ. ನಮ್ಮ ದೇಶದೊಳಗೆ ಹಾರುವ ಸಣ್ಣ ವಿಮಾನಗಳಲ್ಲಿ ಹೆಚ್ಚಾಗಿ ಹಾಗಿರುವುದಿಲ್ಲ. ನೆಟ್ಟಗೆ ನಿಲ್ಲಲೂ ಆಗದ ವಿಮಾನದ ಹೊಟ್ಟೆಯೊಳಗೆ ಲೋಡರ್‌ಗಳು ಮಂಡಿಯೂರಿ, 15 ಕಿಲೋ ತೂಕದ ಬ್ಯಾಗುಗಳನ್ನು ಒಂದೊಂದಾಗಿ ಬಾಗಿಲಿಗೆ ಸರಿಸುತ್ತಾರೆ. ಬೇಸಿಗೆಯ ಮಧ್ಯಾಹ್ನ ಅಲ್ಲಿ ಎರಡು ನಿಮಿಷ ಕುಳಿತರೆ ಅಂಗಿ ತೊಯ್ದುಹೋಗುತ್ತದೆ. ತಡವಾದಾಗ ಬೈಗುಳ ಬೀಳುವುದು ಅವರಿಗೆ. ನಾನು ಕಂಡಂತೆ, ತಡಕ್ಕೆ ಕಾರಣ ಬಹುಪಾಲು ಜನರ ಕೊರತೆ: ಒಂದೇ ಹೊತ್ತಿಗೆ ನಾಲ್ಕು ವಿಮಾನ ಬಂದು, ತಂಡ ಎರಡೇ ಇದ್ದರೆ ಅವರಾದರೂ ಏನು ಮಾಡಿಯಾರು?

ಇನ್ನೊಂದು ಕಾರಣ ಮಳೆ. ಏಪ್ರಿಲ್-ಮೇ ತಿಂಗಳ ಸಂಜೆ ಬೆಂಗಳೂರಿನಲ್ಲಿ ಸಿಡಿಲಿನ ಎಚ್ಚರಿಕೆ ಬಂದರೆ ಹೊರಗಿನ ಕೆಲಸವೆಲ್ಲ ನಿಲ್ಲುತ್ತದೆ. ಪ್ರಯಾಣಿಕರು ಏರೋಬ್ರಿಡ್ಜ್ (ವಿಮಾನದ ಬಾಗಿಲಿಗೆ ಜೋಡಿಸುವ ಮುಚ್ಚಿದ ನಡೆದಾರಿ) ಮೂಲಕ ಒಳಗೆ ಬಂದಿರುತ್ತಾರೆ, ಬ್ಯಾಗು ಮಾತ್ರ ವಿಮಾನದಲ್ಲೇ ಇರುತ್ತದೆ. ಅಂಥ ದಿನ 30 ನಿಮಿಷದ ಮಾತು ನಡೆಯುವುದಿಲ್ಲ, ನಡೆಯಲೂ ಬಾರದು.

ತಾಯಿಯವರಿಗೆ ವೀಲ್‌ಚೇರ್ ಬೇಕೆಂದು ಬರೆದಿದ್ದೀರಿ. ಸಾಮಾನ್ಯವಾಗಿ ಅವರನ್ನು ಎಲ್ಲರ ನಂತರ ಇಳಿಸುತ್ತಾರೆ, ಹಾಗಾಗಿ ಬೆಲ್ಟಿನ ಬಳಿ ಬರುವಷ್ಟರಲ್ಲಿ ಬ್ಯಾಗ್ ಸುತ್ತುತ್ತಿದ್ದರೂ ಆಶ್ಚರ್ಯವಿಲ್ಲ. ಔಷಧಿ ಮಾತ್ರ ಕೈಚೀಲದಲ್ಲೇ ಇರಲಿ. ಬ್ಯಾಗಿನ ಚೀಟಿಯ ಫೋಟೊ ತೆಗೆದು ನಿಮಗೆ ಕಳುಹಿಸಲು ತಂದೆಯವರಿಗೆ ಹೇಳಿ. ಬೆಲ್ಟ್ ನಿಂತರೂ ಬ್ಯಾಗ್ ಬರದಿದ್ದರೆ ಹೊರಗೆ ಬರುವ ಮೊದಲೇ ಅಲ್ಲಿನ ವಿಮಾನಯಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ಕೊಟ್ಟು ಅದರ ಪ್ರತಿ ಪಡೆಯಬೇಕು. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಹೋಗುವುದು ಕಷ್ಟ.